ಪ್ರೊಟೀನ್ ಮಾಡದ ಆರ್‌ಎನ್‌ಎಗೆ ಏನು ಕೆಲಸ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಲ ಈ ಅಂಕಣದಲ್ಲಿ ಬ್ಯಾಕ್ಟೀರಿಯಾಗಳ ಬಗ್ಗೆ ಬರೆಯುವಾಗ, "ಪ್ರೊಟೀನ್ ಮಾಡದ ಪುಟ್ಟ ಆರ್‌ಎನ್‌ಎಗಳೂ ಅವುಗಳಲ್ಲಿವೆ, ಆ ಕಥೆ ಇನ್ನೊಂದು ದಿನ" ಎಂದು ಒಂದೇ ಸಾಲು ಹಾಕಿ ಜಾರಿಕೊಂಡಿದ್ದೆ. ನೀವು ಬಿಡಲಿಲ್ಲ. ಆ ಸಾಲಿನ ಬೆನ್ನು ಹತ್ತಿ ಬಂದ ಪ್ರಶ್ನೆಗಳೇ ಈ ಸಲ ಪೂರ್ತಿ. ಒಂದೇ ಥರದವನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೊಟೀನ್ ಅಂತ ನಮ್ಮ ಪುಸ್ತಕದಲ್ಲಿದೆ. ಪ್ರೊಟೀನೇ ಮಾಡದಿದ್ದರೆ ಆ ಆರ್‌ಎನ್‌ಎ ಯಾಕೆ ಬೇಕು? ಅದು ಕಸ ಅಲ್ವಾ?
(ಬಿಎಸ್ಸಿ ವಿದ್ಯಾರ್ಥಿನಿ, ಹಾಸನ)

ಕಸ ಅಲ್ಲ. ಅದೇ ಪುಸ್ತಕದ ಮುಂದಿನ ಪುಟ ನೋಡಿ. ಅಮೈನೋ ಆಮ್ಲ ಹೊತ್ತು ತರುವ ಟ್ರಾನ್ಸ್‌ಫರ್ ಆರ್‌ಎನ್‌ಎ ಇದೆ. ಪ್ರೊಟೀನ್ ತಯಾರಿಸುವ ಯಂತ್ರವಾದ ರೈಬೋಸೋಮಿನ ಮೈಯನ್ನೇ ಕಟ್ಟುವ ರೈಬೋಸೋಮಲ್ ಆರ್‌ಎನ್‌ಎ ಇದೆ. ಎರಡೂ ಪ್ರೊಟೀನ್ ಆಗುವುದಿಲ್ಲ. ಜೀವಕೋಶದ ಆರ್‌ಎನ್‌ಎಯನ್ನೆಲ್ಲ ತೂಕಕ್ಕೆ ಹಾಕಿದರೆ ಬಹುಪಾಲು ಇವೇ ಸಿಗುತ್ತವೆ. ಅಂದರೆ ಪ್ರೊಟೀನ್ ಮಾಡದ ಆರ್‌ಎನ್‌ಎ ಬಗ್ಗೆ ನೀವು ಪಿಯುಸಿಯಲ್ಲೇ ಓದಿದ್ದೀರಿ, ಆ ಹೆಸರಲ್ಲಿ ಓದಿಲ್ಲ ಅಷ್ಟೇ.

ನನಗೆ ಈ ಹೆಸರೇ ಸರಿ ಬರುವುದಿಲ್ಲ. ಏನು ಮಾಡುವುದಿಲ್ಲ ಅನ್ನುವುದನ್ನು ಹಿಡಿದು ಇಟ್ಟ ಹೆಸರು ಅದು. ಊರಲ್ಲಿ ಅಂಗಡಿ ಇಟ್ಟಿಲ್ಲದವರನ್ನೆಲ್ಲ ಒಟ್ಟು ಸೇರಿಸಿ 'ಅಂಗಡಿ ಇಲ್ಲದವರು' ಎಂದ ಹಾಗೆ. ಅವರಲ್ಲಿ ಮೇಷ್ಟ್ರೂ ಇರುತ್ತಾರೆ, ಲೈನ್‌ಮನ್ನೂ ಇರುತ್ತಾನೆ, ಸೂಲಗಿತ್ತಿಯೂ ಇರುತ್ತಾಳೆ.

ಇನ್ನೊಂದು ವಿಷಯ. ಬ್ಯಾಕ್ಟೀರಿಯಾಗಳ ಮನೆಯಲ್ಲಿ ಕಸ ಇಡಲು ಜಾಗವೇ ಕಡಿಮೆ. ಮನುಷ್ಯರ ಡಿಎನ್‌ಎಯಲ್ಲಿ ಪ್ರೊಟೀನ್ ಬರೆಯಲು ಬಳಕೆಯಾಗುವುದು ಶೇ 1.5ರ ಆಸುಪಾಸು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು 1997ರಲ್ಲಿ ಪೂರ್ತಿ ಓದಿದರು. ಸುಮಾರು 46 ಲಕ್ಷ ಅಕ್ಷರ (ಡಿಎನ್‌ಎ, ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಯನ್ನು ಅಕ್ಷರ ಅನ್ನುತ್ತಿದ್ದೇನೆ), ಅದರಲ್ಲಿ ಶೇ 88ರಷ್ಟು ಪ್ರೊಟೀನ್ ಜೀನ್‌ಗಳೇ. ಇಷ್ಟು ಒತ್ತಾಗಿ ಬದುಕುವ ಜೀವಿ ಸುಮ್ನೆ ಏನನ್ನೋ ಇಟ್ಟುಕೊಂಡು ಸಾಕುತ್ತದೆ ಎಂದರೆ ನಂಬುವುದು ಕಷ್ಟ.

ಸರಿ, ಏನು ಕೆಲಸ ಅಂತೀರಾ? ದರ್ಶಿನಿ ಹೋಟೆಲ್ ನೆನಪಿಸಿಕೊಳ್ಳಿ. ಕೌಂಟರ್‌ನಲ್ಲಿ ಚೀಟಿ ಬರೆದುಕೊಡುತ್ತಾರೆ, ಒಳಗಿನ ಭಟ್ಟರು ಅದನ್ನು ಓದಿ ದೋಸೆ ಹಾಕುತ್ತಾರೆ. ಚೀಟಿ ಅಂದರೆ ಮೆಸೆಂಜರ್ ಆರ್‌ಎನ್‌ಎ, ಭಟ್ಟರು ಅಂದರೆ ರೈಬೋಸೋಮ್. ಈಗ ಯಾರೋ ಬಂದು ಚೀಟಿಯ ಮೊದಲ ಸಾಲಿನ ಮೇಲೆ ಸರಿಯಾಗಿ ಒಂದು ತುಂಡು ಕಾಗದ ಅಂಟಿಸಿಬಿಟ್ಟರೆ? ಭಟ್ಟರಿಗೆ ಎಲ್ಲಿಂದ ಓದಬೇಕು ಅಂತಲೇ ಗೊತ್ತಾಗುವುದಿಲ್ಲ. ದೋಸೆ ಇಲ್ಲ. ಪುಟ್ಟ ಆರ್‌ಎನ್‌ಎಗಳು ಮಾಡುವುದು ಮುಖ್ಯವಾಗಿ ಈ ಅಂಟಿಸುವ ಕೆಲಸ. ಆರ್‌ಎನ್‌ಎಯಲ್ಲಿರುವುದು ಎ, ಯು, ಜಿ, ಸಿ ಎಂಬ ನಾಲ್ಕು ಅಕ್ಷರ; ಎ ಎದುರು ಯು, ಜಿ ಎದುರು ಸಿ, ಹೀಗೆ ಅಕ್ಷರಕ್ಕೆ ಅಕ್ಷರ ಜೋಡಿಯಾಗಿ ಕೂರುತ್ತವೆ.

ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲಿ ಇಂಥದ್ದು ಮೊದಲು ಸಿಕ್ಕಿದ್ದು 1984ರಲ್ಲಿ. ಅಮೆರಿಕದಲ್ಲಿ ಮಸಯೋರಿ ಇನೋವೆಯವರ ತಂಡ ಇ. ಕೋಲಿಯಲ್ಲಿ ಕಂಡುಹಿಡಿದ ಇದರ ಹೆಸರು ಮಿಕ್‌ಎಫ್, ಉದ್ದ 93 ಅಕ್ಷರ. ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ಓಂಪ್‌ಎಫ್ ಎಂಬ ಪ್ರೊಟೀನಿನ ತೂತುಗಳಿವೆ, ಆಹಾರ ಒಳಗೆ ಬರುವುದು ಅಲ್ಲಿಂದ. ಹೊರಗೆ ಬಿಸಿ ಜಾಸ್ತಿಯಾದಾಗ, ಉಪ್ಪು ಜಾಸ್ತಿಯಾದಾಗ ಮಿಕ್‌ಎಫ್ ಹೋಗಿ ಓಂಪ್‌ಎಫ್ ಚೀಟಿಯ ಮೇಲೆ ಕೂರುತ್ತದೆ. ದೊಡ್ಡ ತೂತುಗಳು ಕಡಿಮೆಯಾಗುತ್ತವೆ, ಓಂಪ್‌ಸಿ ಎಂಬ ಕಿರಿದಾದ ತೂತುಗಳು ಉಳಿಯುತ್ತವೆ. ಕೆರೆ ನೀರಿನಿಂದ ಯಾರದೋ ಹೊಟ್ಟೆಗೆ ಬಂದು ಬಿದ್ದ ಬ್ಯಾಕ್ಟೀರಿಯಾಗೆ ಇದು ಬೇಕೇ ಬೇಕು. ಅಲ್ಲಿ ಬಿಸಿ, ಉಪ್ಪು, ಪಿತ್ತರಸ ಎಲ್ಲ ಒಟ್ಟಿಗೇ ಎದುರಾಗುತ್ತವೆ.

ಪ್ರಶ್ನೆ: ಮಗಳಿಗೆ ರಕ್ತ ಕಡಿಮೆ ಅಂತ ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ರೋಗಾಣುಗಳಿಗೂ ಕಬ್ಬಿಣ ಬೇಕು ಅಂತ ಎಲ್ಲೋ ಓದಿದೆ. ಕಬ್ಬಿಣ ಸಿಗದಿದ್ದರೆ ಅವು ಸಾಯುತ್ತವಾ?
(ಶಿವಮೊಗ್ಗದಿಂದ ಒಬ್ಬ ತಾಯಿ)

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರು ಹೇಳಿದ ಹಾಗೆ ಕೊಡಿ.

ಈಗ ಪ್ರಶ್ನೆಗೆ ಬರೋಣ. ಹೌದು, ಬಹುತೇಕ ಬ್ಯಾಕ್ಟೀರಿಯಾಗಳಿಗೆ ಕಬ್ಬಿಣ ಬೇಕು. ನಮ್ಮ ದೇಹಕ್ಕೂ ಅದು ಗೊತ್ತು, ಅದಕ್ಕೇ ರಕ್ತದಲ್ಲಿ ಟ್ರಾನ್ಸ್‌ಫೆರಿನ್ ಎಂಬ ಪ್ರೊಟೀನ್ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡು ಓಡಾಡುತ್ತದೆ, ಹಾಲಿನಲ್ಲಿ, ಕಣ್ಣೀರಿನಲ್ಲಿ ಲ್ಯಾಕ್ಟೊಫೆರಿನ್ ಅದೇ ಕೆಲಸ ಮಾಡುತ್ತದೆ. ಒಳಗೆ ಬಂದ ಬ್ಯಾಕ್ಟೀರಿಯಾಗೆ ಸಿಗುವುದು ಬರಗಾಲ. ಆದರೆ ಅದು ಅಷ್ಟಕ್ಕೇ ಸಾಯುವುದಿಲ್ಲ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಮನೆ ನಡೆಯುವಾಗ ನೀವು ಗೀಸರ್ ಹಾಕುತ್ತೀರಾ? ಮಿಕ್ಸಿ ತಿರುಗಿಸುತ್ತೀರಾ? ಇಲ್ಲ. ದೀಪ, ಫ್ಯಾನು ಸಾಕು ಅನ್ನುತ್ತೀರಿ. ಇ. ಕೋಲಿಯಲ್ಲಿ ಆ ಲೆಕ್ಕ ನೋಡಿಕೊಳ್ಳುವುದು ರೈಬಿ ಎಂಬ ಪುಟ್ಟ ಆರ್‌ಎನ್‌ಎ. ಉದ್ದ ಬರೀ 90 ಅಕ್ಷರ. ಇದು ಹೀಗೆ ಕೆಲಸ ಮಾಡುತ್ತದೆ ಎಂದು 2002ರಲ್ಲಿ ತೋರಿಸಿದವರು ಎರಿಕ್ ಮಾಸ್ಸೆ ಮತ್ತು ಸೂಸನ್ ಗಾಟ್ಸ್‌ಮನ್.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ನನಗೆ ತುಂಬಾ ಇಷ್ಟವಾದ ಭಾಗ ಇದು. ಕೋಶದೊಳಗೆ ಕಬ್ಬಿಣ ಸಾಕಷ್ಟು ಇರುವಾಗ ಫರ್ ಎಂಬ ಪ್ರೊಟೀನ್ ಆ ಕಬ್ಬಿಣವನ್ನು ಹಿಡಿದುಕೊಂಡು ರೈಬಿ ಜೀನಿನ ಬಾಗಿಲಲ್ಲೇ ಕೂತಿರುತ್ತದೆ. ರೈಬಿ ಹುಟ್ಟುವುದೇ ಇಲ್ಲ. ಕಬ್ಬಿಣ ಕಡಿಮೆಯಾಯಿತೋ, ಫರ್ ಕೈಯಲ್ಲಿ ಹಿಡಿಯಲು ಏನೂ ಇಲ್ಲ, ಅದು ಜಾಗ ಬಿಟ್ಟು ಎದ್ದು ಹೋಗುತ್ತದೆ. ಆಗ ರೈಬಿ ಒಂದೇ ಸಮನೆ ತಯಾರಾಗುತ್ತದೆ. ಹೆಚ್‌ಎಫ್‌ಕ್ಯೂ ಎಂಬ ಉಂಗುರದ ಆಕಾರದ ಪ್ರೊಟೀನ್ ರೈಬಿಯನ್ನೂ ಚೀಟಿಯನ್ನೂ ಹತ್ತಿರ ತಂದು ಜೋಡಿಸುತ್ತದೆ. ರೈಬಿ ಹೋಗಿ ಕೂರುವುದು, ಕಬ್ಬಿಣ ತಿನ್ನುವ ಪ್ರೊಟೀನ್‌ಗಳ ಚೀಟಿಗಳ ಮೇಲೆ. ಸೋಡ್‌ಬಿ ಎಂಬ ಎಂಜೈಮಿನ ಚೀಟಿ ಅದರಲ್ಲಿ ಒಂದು. ಕೂತ ಮೇಲೆ ಆರ್‌ಎನ್‌ಏಸ್ ಇ ಎಂಬ ಕತ್ತರಿ ಬಂದು ಚೀಟಿಯನ್ನೂ ರೈಬಿಯನ್ನೂ ಒಟ್ಟಿಗೇ ಚೂರು ಮಾಡುತ್ತದೆ. ಅಂಟಿಸಿದ ಕಾಗದವೂ ಹೋಯಿತು, ಚೀಟಿಯೂ ಹೋಯಿತು. ಕೆಲವೇ ನಿಮಿಷದ ಕೆಲಸ.

ಸೋಡ್‌ಬಿ ಇಲ್ಲದಿದ್ದರೆ ಆಗುತ್ತಾ? ಆಮ್ಲಜನಕದಿಂದ ಹುಟ್ಟುವ ವಿಷವನ್ನು ತೊಳೆಯುವ ಎಂಜೈಮ್ ಅದು. ಅದಕ್ಕೂ ಏರ್ಪಾಡಿದೆ. ಇ. ಕೋಲಿಯಲ್ಲಿ ಅದೇ ಕೆಲಸದ ಇನ್ನೊಂದು ಎಂಜೈಮ್ ಇದೆ, ಸೋಡ್‌ಎ. ಅದಕ್ಕೆ ಕಬ್ಬಿಣ ಬೇಡ, ಮ್ಯಾಂಗನೀಸ್ ಸಾಕು. ಗ್ಯಾಸ್ ಮುಗಿದರೆ ಸೀಮೆಎಣ್ಣೆ ಸ್ಟೌ ತೆಗೆಯುತ್ತಿದ್ದೆವಲ್ಲ, ಹಾಗೆ. ಇನ್ನೂ ಮಜಾ ಏನೆಂದರೆ ಇದೇ ರೈಬಿ ಒಂದು ಚೀಟಿಯನ್ನು ಮುಚ್ಚುವ ಬದಲು ತೆರೆಯುತ್ತದೆ. ಶಿಯಾ ಎಂಬ ಜೀನಿನ ಚೀಟಿ ತನ್ನಷ್ಟಕ್ಕೆ ಮಡಚಿಕೊಂಡಿರುತ್ತದೆ, ರೈಬಿ ಬಂದು ಆ ಮಡಿಕೆ ಬಿಡಿಸುತ್ತದೆ. ಅದರಿಂದ ಒಳಗೆ ಬರುವ ಕಚ್ಚಾವಸ್ತುವಿನಲ್ಲಿ ಬ್ಯಾಕ್ಟೀರಿಯಾ ಕಬ್ಬಿಣ ಹಿಡಿಯುವ ಕೊಕ್ಕೆಗಳನ್ನು ಮಾಡಿ ಹೊರಗೆ ಬಿಡುತ್ತದೆ. ಖರ್ಚು ಕಡಿಮೆ ಮಾಡುವವನೂ ಅವನೇ, ಸಾಲ ತರಲು ಹೋಗುವವನೂ ಅವನೇ.

ಪ್ರಶ್ನೆ: ಇದನ್ನೆಲ್ಲ ಪ್ರೊಟೀನೇ ಮಾಡಬಹುದಿತ್ತಲ್ಲ? ಫರ್ ಇದೆಯಲ್ಲ?
(ಬೆಂಗಳೂರಿನ ಎಂಜಿನಿಯರ್ ಒಬ್ಬರು)

ಮಾಡಬಹುದು, ತುಂಬಾ ಕಡೆ ಮಾಡುತ್ತವೆ ಕೂಡ. ಆದರೆ ಫರ್ ನಿಲ್ಲಿಸುವುದು ಹೊಸ ಚೀಟಿ ಬರೆಯುವುದನ್ನು. ಈಗಾಗಲೇ ಅಡುಗೆಮನೆಗೆ ಹೋಗಿರುವ ಚೀಟಿಗಳ ಕಥೆ? ಅವುಗಳನ್ನು ವಾಪಸ್ ತೆಗೆದುಕೊಳ್ಳುವುದು ಪುಟ್ಟ ಆರ್‌ಎನ್‌ಎ. ಜೊತೆಗೆ ಖರ್ಚೂ ಕಡಿಮೆ. 90 ಅಕ್ಷರ ನಕಲು ಮಾಡಿದರೆ ಮುಗಿಯಿತು, ಅದನ್ನು ಮತ್ತೆ ರೈಬೋಸೋಮಿಗೆ ಕೊಟ್ಟು ಪ್ರೊಟೀನ್ ಮಾಡಿಸುವ ಗೋಜಿಲ್ಲ. ಕೆಲಸ ಮುಗಿದ ಮೇಲೆ ಚೀಟಿಯ ಜೊತೆಗೇ ನಾಶವಾಗುವುದರಿಂದ ಸ್ವಿಚ್ ಆಫ್ ಮಾಡುವುದೂ ಸುಲಭ. ಸರಿಯಾದ ಆಹಾರ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುವ ಜೀವಿಗೆ ನಿಮಿಷಗಳ ಉಳಿತಾಯ ಸಣ್ಣದಲ್ಲ.

ಪ್ರಶ್ನೆ: ಹೊಂದಿಕೊಳ್ಳುವುದು ಅರ್ಥವಾಗುತ್ತದೆ. ಆದರೆ ವಿಕಾಸ ಎಲ್ಲಿಂದ ಬಂತು? ವಿಕಾಸ ಅಂದರೆ ಕೋಟ್ಯಂತರ ವರ್ಷದ ಮಾತು, ಈ ಚೂರುಪಾರು ಆರ್‌ಎನ್‌ಎಗಳಿಗೂ ಅದಕ್ಕೂ ಏನು ಸಂಬಂಧ?
(ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಧಾರವಾಡ)

ಸರ್, ನೀವು ಕೇಳಿದ್ದೇ ಒಳ್ಳೆಯದಾಯಿತು. ಒಂದೇ ಉದಾಹರಣೆ ಕೊಡುತ್ತೇನೆ, ಆದರೆ ಪೂರ್ತಿ ಕೊಡುತ್ತೇನೆ.

ಇ. ಕೋಲಿ ಮತ್ತು ಸಾಲ್ಮೊನೆಲ್ಲಾ ದಾಯಾದಿಗಳು. ಸುಮಾರು 10 ಕೋಟಿ ವರ್ಷಗಳ ಹಿಂದೆಯೋ ಅದಕ್ಕೂ ಮೊದಲೋ ಬೇರೆಯಾದವು ಎಂದು ಅಂದಾಜು. ಎರಡರಲ್ಲೂ ಎಸ್‌ಜಿಆರ್‌ಎಸ್ ಎಂಬ ಪುಟ್ಟ ಆರ್‌ಎನ್‌ಎ ಇದೆ. ಅಂದರೆ ಮನೆ ಪಾಲಾಗುವ ಮೊದಲಿನ ಹಳೆಯ ಪಾತ್ರೆ ಅದು. ಅದರ ಮೂಲ ಕೆಲಸ ಸಕ್ಕರೆಗೆ ಸಂಬಂಧಪಟ್ಟದ್ದು. ಗ್ಲೂಕೋಸ್ ಒಳಗೆ ಬರುವಾಗಲೇ ಅದಕ್ಕೆ ಒಂದು ಫಾಸ್ಫೇಟ್ ಅಂಟುತ್ತದೆ. ಮುಂದಿನ ಹಂತ ಕೆಟ್ಟು ನಿಂತರೆ ಆ ಸಕ್ಕರೆ ಫಾಸ್ಫೇಟ್ ಒಳಗೆ ರಾಶಿ ಬೀಳುತ್ತದೆ, ಹಾಗೆ ರಾಶಿ ಬಿದ್ದರೆ ಅದೇ ವಿಷ. ಆಗ ಎಸ್‌ಜಿಆರ್‌ಎಸ್ ಹುಟ್ಟಿ, ಗ್ಲೂಕೋಸ್ ಒಳಗೆ ಬಿಡುವ ಬಾಗಿಲಿನ ಚೀಟಿಯ ಮೇಲೆ ಕೂತು ಬಾಗಿಲು ಮುಚ್ಚಿಸುತ್ತದೆ.

ಸಾಲ್ಮೊನೆಲ್ಲಾ ಮುಂದೆ ಬೇರೆ ದಾರಿ ಹಿಡಿಯಿತು. ಬೇರೆ ಸೂಕ್ಷ್ಮಜೀವಿಗಳಿಂದ ಜೀನ್‌ಗಳನ್ನು ಪಡೆದು ರೋಗಾಣುವಾಯಿತು. ಹಾಗೆ ಹೊರಗಿನಿಂದ ಬಂದ ಜೀನ್‌ಗಳಲ್ಲಿ ಸೋಪ್‌ಡಿ ಒಂದು. ಇದರ ಪ್ರೊಟೀನನ್ನು ಸಾಲ್ಮೊನೆಲ್ಲಾ ಸೂಜಿ ಚುಚ್ಚಿದ ಹಾಗೆ ನಮ್ಮ ಕರುಳಿನ ಕೋಶದೊಳಕ್ಕೆ ತಳ್ಳುತ್ತದೆ. ಈಗ ನೋಡಿ. ಸೋಪ್‌ಡಿ ಹೊಸದಾಗಿ ಮನೆ ಸೇರಿದ ಸೊಸೆ, ಎಸ್‌ಜಿಆರ್‌ಎಸ್ ಹಳೆಯ ಮನೆಯ ಅತ್ತೆ. ಆದರೂ ಎಸ್‌ಜಿಆರ್‌ಎಸ್ ಸೋಪ್‌ಡಿಯ ಚೀಟಿಯ ಮೇಲೂ ಕೂತು ಅದನ್ನು ಅದುಮುತ್ತದೆ! ಸಕ್ಕರೆ ನೋಡಿಕೊಳ್ಳುತ್ತಿದ್ದ ಆರ್‌ಎನ್‌ಎಗೆ ರೋಗದ ಆಯುಧದ ಮೇಲೂ ಅಧಿಕಾರ ಬಂತು. ಅದಕ್ಕಾಗಿ ಹೊಸ ಆರ್‌ಎನ್‌ಎ ಹುಟ್ಟಬೇಕಾಗಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸೋಪ್‌ಡಿಗೆ ಸೋಪ್‌ಡಿ2 ಎಂಬ ತಂಗಿ ಇದ್ದಾಳೆ. ಎರಡರ ಚೀಟಿಗಳಲ್ಲೂ ಎಸ್‌ಜಿಆರ್‌ಎಸ್ ಕೂರುವ ಜಾಗ ಹೆಚ್ಚುಕಮ್ಮಿ ಒಂದೇ. ಆದರೆ ಎಸ್‌ಜಿಆರ್‌ಎಸ್ ಅಕ್ಕನನ್ನು ಹಿಡಿಯುತ್ತದೆ, ತಂಗಿಯನ್ನು ಬಿಡುತ್ತದೆ. ಯಾಕೆ? ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ಯೋರ್ಗ್ ಫೋಗೆಲ್ ಅವರ ತಂಡ 2012ರಲ್ಲಿ ತೋರಿಸಿದ್ದು ಇದನ್ನೇ: ವ್ಯತ್ಯಾಸ ಒಂದೇ ಒಂದು ಜೋಡಿಯಲ್ಲಿದೆ. ಸೋಪ್‌ಡಿಯಲ್ಲಿ ಅಲ್ಲಿ ಜಿ ಎದುರು ಸಿ ಬರುತ್ತದೆ, ಗಟ್ಟಿ ಜೋಡಿ. ಸೋಪ್‌ಡಿ2ರಲ್ಲಿ ಜಿ ಎದುರು ಯು, ಸ್ವಲ್ಪ ಸಡಿಲ ಜೋಡಿ. ಜಿ ಮತ್ತು ಸಿ ನಡುವೆ ಮೂರು ಹೈಡ್ರೋಜನ್ ಬಂಧ, ಜಿ ಮತ್ತು ಯು ನಡುವೆ ಎರಡು. ಒಂದು ಹೈಡ್ರೋಜನ್ ಬಂಧದ ಮೇಲೆ ಒಂದು ಜೀನ್ ಅಧಿಕಾರದೊಳಗೋ ಹೊರಗೋ ಎಂಬುದು ತೀರ್ಮಾನವಾಯಿತು. ದಪ್ಪ ಗುಂಡಿ, ಸಣ್ಣ ಕಾಜ ಅಂತಾರಲ್ಲ, ಅಷ್ಟೇ ವ್ಯತ್ಯಾಸ.

ನೀವು ಕೇಳಿದ ಸಂಬಂಧ ಇಲ್ಲಿದೆ, ಸರ್. ಪ್ರೊಟೀನಿನಲ್ಲಿ ಒಂದು ಅಮೈನೋ ಆಮ್ಲ ತಪ್ಪಾದರೆ ಅದರ ಮಡಿಕೆಯೇ ಕೆಡಬಹುದು, ಎಲ್ಲ ಕೆಲಸವೂ ಒಟ್ಟಿಗೆ ಕೆಡಬಹುದು. ಪುಟ್ಟ ಆರ್‌ಎನ್‌ಎ ಚೀಟಿಯನ್ನು ಹಿಡಿಯುವುದು ಕೆಲವೇ ಅಕ್ಷರಗಳ ಜೋಡಿಯಿಂದ, ಗಟ್ಟಿ ಹಿಡಿತ ಇರುವ ಭಾಗ ಏಳೆಂಟು ಅಕ್ಷರ ಇದ್ದರೂ ಸಾಕು. ಹಾಗಾಗಿ ಚೀಟಿಯ ಕಡೆ ಒಂದು ಅಕ್ಷರ ಬದಲಾದರೆ ಒಂದು ಹೊಸ ನಂಟು ಹುಟ್ಟುತ್ತದೆ ಅಥವಾ ಹಳೆಯ ನಂಟು ಕಳಚುತ್ತದೆ, ಉಳಿದ ನಂಟುಗಳು ಹಾಗೇ ಇರುತ್ತವೆ. ವಿಕಾಸಕ್ಕೆ ಕೈಯಾಡಿಸಲು ಇದಕ್ಕಿಂತ ಸಲೀಸಾದ ಜಾಗ ಬ್ಯಾಕ್ಟೀರಿಯಾದಲ್ಲಿ ಜಾಸ್ತಿ ಇಲ್ಲ ಎಂದು ನನ್ನ ಅಭಿಪ್ರಾಯ. ಇನ್ನು ಕಾಲದ ಮಾತು. ರಿಚರ್ಡ್ ಲೆನ್ಸ್ಕಿ 1988ರಲ್ಲಿ 12 ಫ್ಲಾಸ್ಕುಗಳಲ್ಲಿ ಶುರು ಮಾಡಿದ ಇ. ಕೋಲಿ ಪ್ರಯೋಗ 75,000 ತಲೆಮಾರು ದಾಟಿದೆ. ಮನುಷ್ಯರ ಲೆಕ್ಕದಲ್ಲಿ ಅಷ್ಟು ತಲೆಮಾರು ಅಂದರೆ ಹದಿನೈದು ಲಕ್ಷ ವರ್ಷವಾದರೂ ಬೇಕು.

ಪ್ರಶ್ನೆ: ಹೊಸ ಪುಟ್ಟ ಆರ್‌ಎನ್‌ಎ ಹುಟ್ಟುವುದು ಎಲ್ಲಿಂದ?
(ಮೈಸೂರು)

ಒಂದಕ್ಕಿಂತ ಜಾಸ್ತಿ ದಾರಿ ಇದೆ. ಡಿಎನ್‌ಎಯಲ್ಲಿ ಅಕಸ್ಮಾತ್ ನಾಲ್ಕಾರು ಅಕ್ಷರ ಬದಲಾಗಿ, ಮೊದಲು ನಕಲಾಗದಿದ್ದ ಜಾಗ ನಕಲಾಗಲು ಶುರುವಾಗಬಹುದು. ಹಾಗೆ ಹುಟ್ಟಿದ ತುಂಡು ಉಪಯೋಗಕ್ಕೆ ಬಂದರೆ ಉಳಿಯುತ್ತದೆ, ಬರದಿದ್ದರೆ ಅಳಿಯುತ್ತದೆ. ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ತೆಂಗಿನಕಾಯಿ ತುರಿದಾದ ಮೇಲೆ ಕರಟ ಎಸೆಯದೆ ಅಜ್ಜಿ ಅದಕ್ಕೆ ಕೋಲು ಸಿಕ್ಕಿಸಿ ಸೌಟು ಮಾಡುತ್ತಿದ್ದಳಲ್ಲ, ಹಾಗೆ. ಸಿಪಿಎಕ್ಸ್‌ಪಿ ಎಂಬ ಪ್ರೊಟೀನಿನ ಚೀಟಿಯ ಬಾಲವನ್ನು ಅದೇ ಆರ್‌ಎನ್‌ಏಸ್ ಇ ಕತ್ತರಿ ಕತ್ತರಿಸಿ ಬೇರೆ ಮಾಡುತ್ತದೆ. ಆ ಬಾಲ ಸಿಪಿಎಕ್ಸ್‌ಕ್ಯೂ ಎಂಬ ಸ್ವತಂತ್ರ ಪುಟ್ಟ ಆರ್‌ಎನ್‌ಎ ಆಗಿ ಕೆಲಸಕ್ಕೆ ಇಳಿಯುತ್ತದೆ. ಚೀಟಿಯಿಂದ ಆದ ಪ್ರೊಟೀನ್ ಹೊರಪೊರೆ, ಒಳಪೊರೆಗಳ ನಡುವಿನ ಜಾಗದಲ್ಲಿ ಬಂದ ಅಪಾಯ ನೋಡಿಕೊಳ್ಳುತ್ತದೆ, ಅದರ ಬಾಲ ಒಳಪೊರೆಯ ಕಷ್ಟ ಕಡಿಮೆ ಮಾಡುತ್ತದೆ. ಒಂದೇ ಕಾಯಿ, ಎರಡು ಉಪಯೋಗ.

ಹೆಸರಿನ ಬಗ್ಗೆ ಮೊದಲೇ ಗೊಣಗಿದ್ದೆ, ಇನ್ನೂ ಒಂದು ಮಾತು ಉಳಿದಿದೆ. ಮೇಲಿನ ಎಸ್‌ಜಿಆರ್‌ಎಸ್ 227 ಅಕ್ಷರದ್ದು, ಅದರೊಳಗೇ 43 ಅಮೈನೋ ಆಮ್ಲದ ಒಂದು ಮರಿ ಪ್ರೊಟೀನೂ ಬರೆದಿದೆ. ಕೀವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಆರ್‌ಎನ್‌ಎ-3 ಕೂಡ ಹಾಗೇ, 514 ಅಕ್ಷರದಲ್ಲಿ ಒಂದು ಮರಿ ವಿಷ ಅಡಗಿದೆ. ಇವುಗಳನ್ನು 'ಪ್ರೊಟೀನ್ ಮಾಡದ' ಪಟ್ಟಿಗೆ ಹೇಗೆ ಹಾಕುತ್ತೀರಿ ಹೇಳಿ!

ಪ್ರಶ್ನೆ: ಆಂಟಿಬಯೋಟಿಕ್ ಕೆಲಸ ಮಾಡದೇ ಇರುವುದಕ್ಕೂ ಇವೇ ಕಾರಣವಾ?
(ಮೆಡಿಕಲ್ ಶಾಪ್ ನಡೆಸುವವರು, ದಾವಣಗೆರೆ)

ಇವೇ ಮುಖ್ಯ ಕಾರಣ ಅನ್ನಲಾರೆ. ಔಷಧವನ್ನು ಒಡೆಯುವ ಎಂಜೈಮ್, ಹೊರಗೆ ದಬ್ಬುವ ಪಂಪು, ಗುರಿಯ ಆಕಾರವೇ ಬದಲಾಗುವುದು, ದೊಡ್ಡ ಕಾರಣಗಳು ಅವು. ಆದರೆ ಪುಟ್ಟ ಆರ್‌ಎನ್‌ಎಗಳ ಕೈವಾಡ ಎರಡು ಕಡೆ ಚೆನ್ನಾಗಿ ಕಾಣುತ್ತದೆ.

ಒಂದು, ಮೇಲೆ ಹೇಳಿದ ಮಿಕ್‌ಎಫ್. ಹಲವು ಆಂಟಿಬಯೋಟಿಕ್‌ಗಳು ಒಳಗೆ ನುಗ್ಗುವುದು ಓಂಪ್‌ಎಫ್ ತೂತಿನಿಂದಲೇ. ಮಿಕ್‌ಎಫ್ ಆ ತೂತು ಕಡಿಮೆ ಮಾಡಿದರೆ ಔಷಧಕ್ಕೂ ದಾರಿ ಕಿರಿದಾಗುತ್ತದೆ. ಇ. ಕೋಲಿಯ ಮಾರ್ ಎಂಬ ಬಹು ಔಷಧ ನಿರೋಧದ ವ್ಯವಸ್ಥೆ ಚುರುಕಾದಾಗ ಮಿಕ್‌ಎಫ್ ಜಾಸ್ತಿಯಾಗುತ್ತದೆ ಎಂದು 1988ರಲ್ಲೇ ತೋರಿಸಿದ್ದಾರೆ. ಇದು ಪೂರ್ತಿ ನಿರೋಧ ಅಲ್ಲ, ಸ್ವಲ್ಪ ಹೊತ್ತು ತಡೆದುಕೊಳ್ಳುವ ಶಕ್ತಿ. ಆ ಸ್ವಲ್ಪ ಹೊತ್ತಿನಲ್ಲಿ ಬೇರೆ ಗಟ್ಟಿ ಬದಲಾವಣೆ ಬರಲು ಅವಕಾಶ ಸಿಗುತ್ತದೆ. ಅರ್ಧಕ್ಕೇ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಡಬ್ಬಿಯಲ್ಲಿಟ್ಟು ಮುಂದಿನ ಜ್ವರಕ್ಕೆ ತಾವೇ ನುಂಗುವ ಗಿರಾಕಿಗಳನ್ನು ನೀವು ನನಗಿಂತ ಜಾಸ್ತಿ ನೋಡಿರುತ್ತೀರಿ.

ಎರಡನೆಯದು ಸ್ವಲ್ಪ ಕ್ರೂರ. ನಿರೋಧದ ಜೀನ್‌ಗಳು ಹಲವು ಸಲ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯ ಮೇಲಿರುತ್ತವೆ. ಔಷಧ ಇಲ್ಲದಾಗ ಈ ಬಳೆ ಸುಮ್ನೆ ಹೊರೆ, ಬ್ಯಾಕ್ಟೀರಿಯಾ ಬಿಸಾಕಿಬಿಡಬಹುದಿತ್ತು. ಆರ್1 ಎಂಬ ಪ್ಲಾಸ್ಮಿಡ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಅದರಲ್ಲಿ ಹಾಕ್ ಎಂಬ ವಿಷದ ಚೀಟಿ ಇದೆ, ಅದು ಗಟ್ಟಿ, ಬೇಗ ಹಾಳಾಗುವುದಿಲ್ಲ. ಅದರ ಮೇಲೆ ಕೂತು ತಡೆಯುವ ಸಾಕ್ ಎಂಬ ಪುಟ್ಟ ಆರ್‌ಎನ್‌ಎ ಇದೆ, ಅದು ಬೇಗ ಹಾಳಾಗುತ್ತದೆ, ಸದಾ ಹೊಸದು ತಯಾರಾಗುತ್ತಲೇ ಇರಬೇಕು. ಕೋಶ ಎರಡಾಗುವಾಗ ಒಂದು ಮರಿಗೆ ಪ್ಲಾಸ್ಮಿಡ್ ಸಿಗಲಿಲ್ಲ ಅನ್ನಿ. ತಾಯಿಯಿಂದ ಬಂದ ಸಾಕ್ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ, ಹಾಕ್ ಚೀಟಿ ಉಳಿದಿರುತ್ತದೆ, ವಿಷ ತಯಾರಾಗುತ್ತದೆ, ಮರಿ ಸಾಯುತ್ತದೆ. ವಿಷದ ಬಾಟಲಿ ವರ್ಷಗಟ್ಟಲೆ ಬರುತ್ತದೆ, ಮದ್ದನ್ನು ಮಾತ್ರ ದಿನಾ ತರಬೇಕು ಎಂಬ ಲೆಕ್ಕ. ಡೆನ್ಮಾರ್ಕಿನ ಕೆನ್ ಗೆರ್ಡೆಸ್ ಮತ್ತು ಜೊತೆಗಾರರು 1986ರಲ್ಲಿ ಇದನ್ನು ಬಿಡಿಸಿ ಹೇಳಿದರು. ಪ್ಲಾಸ್ಮಿಡ್ ತನ್ನ ಮನೆ ಮಾಲೀಕನನ್ನೇ ಒತ್ತೆ ಇಟ್ಟುಕೊಂಡ ಕಥೆ ಇದು.

ಪ್ರಶ್ನೆ: ಮೊಸರಿನ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲೂ ಇವು ಇವೆಯಾ?
(ಉಡುಪಿ)

ಇವೆ. ಅಷ್ಟೇ ಅಲ್ಲ, ಒಂದು ದೊಡ್ಡ ಕಥೆ ಮೊಸರಿನಿಂದಲೇ ಹೊರಬಂತು. ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟ ಇದೆ, ಅವನ್ನು ಫೇಜ್ ಅನ್ನುತ್ತಾರೆ. ಯೋಗರ್ಟ್ ಕಾರ್ಖಾನೆಗಳಲ್ಲಿ ಫೇಜ್ ಬಂದರೆ ದೊಡ್ಡ ತೊಟ್ಟಿಯ ಹಾಲು ಹೆಪ್ಪಾಗದೇ ಹಾಗೇ ಕೂರುತ್ತದೆ. 2007ರಲ್ಲಿ ಡಾನಿಸ್ಕೋ ಕಂಪನಿಯ ರೊಡಾಲ್ಫ್ ಬರಾಂಗು, ಫಿಲಿಪ್ ಹೋರ್ವಾತ್ ಮತ್ತು ಜೊತೆಗಾರರು ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಎಂಬ ಯೋಗರ್ಟ್ ಬ್ಯಾಕ್ಟೀರಿಯಾದ ಮೇಲೆ ಫೇಜ್ ಬಿಟ್ಟರು. ಬದುಕಿ ಉಳಿದವುಗಳ ಡಿಎನ್‌ಎ ಓದಿದಾಗ, ಕ್ರಿಸ್ಪರ್ ಎಂಬ ಜಾಗದಲ್ಲಿ ಅದೇ ಫೇಜ್‌ನ ಒಂದು ಚೂರು ಹೊಸದಾಗಿ ಸೇರಿತ್ತು. ಕಳ್ಳನ ಫೋಟೊವನ್ನು ಠಾಣೆಯ ಗೋಡೆಗೆ ಹಚ್ಚಿದ ಹಾಗೆ. ಆ ಚೂರಿನಿಂದ ನಕಲಾಗುವ ಪುಟ್ಟ ಆರ್‌ಎನ್‌ಎ, ಕತ್ತರಿ ಪ್ರೊಟೀನನ್ನು ಕೈಹಿಡಿದು ಕರೆದುಕೊಂಡು ಹೋಗಿ ಫೇಜ್‌ನ ಡಿಎನ್‌ಎಯನ್ನು ಕತ್ತರಿಸುತ್ತದೆ. ಇದು ಮರಿಗಳಿಗೂ ದಾಟುತ್ತದೆ. ಅಂದರೆ ಬದುಕಿದ್ದಾಗ ಕಲಿತ ಪಾಠ ಡಿಎನ್‌ಎಯಲ್ಲೇ ದಾಖಲಾಗುತ್ತದೆ, ವಿಕಾಸದ ಪಾಠ ಮಾಡುವಾಗ ಹೀಗೆಲ್ಲ ಆಗುವುದಿಲ್ಲ ಎಂದು ಹೇಳಿಕೊಟ್ಟ ನಮ್ಮಂಥವರಿಗೆ ಸ್ವಲ್ಪ ಮುಜುಗರ ತಂದ ವಿಷಯ. ಇದೇ ವ್ಯವಸ್ಥೆಯನ್ನು ಜೀನ್ ಕತ್ತರಿಸುವ ಸಾಧನವಾಗಿ ಮಾಡಿದ್ದಕ್ಕೆ ಎಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರ ನೊಬೆಲ್ ಬಂತು.

ನಿಮ್ಮ ಮನೆಯ ಹೆಪ್ಪು ಒಂದು ದಿನ ಸರಿಯಾಗಿ ಬರದಿದ್ದರೆ ಫೇಜ್ ಮೇಲೆ ತಪ್ಪು ಹಾಕಬೇಡಿ. ಹಾಲು ಜಾಸ್ತಿ ಬಿಸಿ ಇತ್ತಾ ನೋಡಿ.

ಪ್ರಶ್ನೆ: ರೋಗಾಣುವಿಗೆ ತಾನು ಮನುಷ್ಯನ ಮೈಯೊಳಗೆ ಬಂದಿದ್ದೇನೆ ಅಂತ ಹೇಗೆ ಗೊತ್ತಾಗುತ್ತದೆ?
(ಒಂಬತ್ತನೇ ತರಗತಿ, ತುಮಕೂರು)

ಪುಟ್ಟ ಪ್ರಶ್ನೆ, ಚೆಂದದ ಪ್ರಶ್ನೆ. ಒಂದು ಗುರುತು ಬಿಸಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಡ್ಜ್‌ನ ತಣ್ಣನೆಯಲ್ಲೂ ಬೆಳೆಯುತ್ತದೆ. ಅದರ ರೋಗದ ಜೀನ್‌ಗಳಿಗೆಲ್ಲ ಯಜಮಾನ ಪಿಆರ್‌ಎಫ್‌ಎ ಎಂಬ ಪ್ರೊಟೀನ್. ಆ ಪ್ರೊಟೀನಿನ ಚೀಟಿಯ ಮೊದಲ ಭಾಗ ಪ್ರೊಟೀನ್ ಆಗುವುದಿಲ್ಲ, ಅದು ತನ್ನ ಮೇಲೇ ಮಡಚಿಕೊಂಡಿರುತ್ತದೆ. 30 ಡಿಗ್ರಿಯಲ್ಲಿ ಮಡಿಕೆ ಗಟ್ಟಿ, ರೈಬೋಸೋಮ್ ಒಳಗೆ ಬರಲಾರದು. 37 ಡಿಗ್ರಿಗೆ ಮಡಿಕೆ ಸಡಿಲವಾಗುತ್ತದೆ. ನಮ್ಮ ಮೈಯ ಬಿಸಿ ಎಷ್ಟು? ಅಷ್ಟೇ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಪಾಸ್ಕಲ್ ಕೊಸಾರ್ ಅವರ ತಂಡ 2002ರಲ್ಲಿ ಇದನ್ನು ತೋರಿಸಿತು. ಥರ್ಮಾಮೀಟರ್ ಬೇರೆ, ಸ್ವಿಚ್ ಬೇರೆ ಅಲ್ಲ. ಚೀಟಿಯೇ ಥರ್ಮಾಮೀಟರ್.

ಪ್ರಶ್ನೆ: 2024ರ ನೊಬೆಲ್ ಬಂದ ಮೈಕ್ರೊಆರ್‌ಎನ್‌ಎ ಇದೇನಾ?
(ಕಲಬುರಗಿ)

ಅಲ್ಲ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ 1993ರಲ್ಲಿ ಒಂದು ಪುಟ್ಟ ಹುಳುವಿನಲ್ಲಿ ಕಂಡದ್ದು ಮೈಕ್ರೊಆರ್‌ಎನ್‌ಎ. ಅದು ನಮ್ಮಲ್ಲಿ, ಪ್ರಾಣಿ ಮತ್ತು ಗಿಡಗಳಲ್ಲಿ ಇರುವುದು. ಸುಮಾರು 22 ಅಕ್ಷರಕ್ಕೆ ಅಳೆದು ಕತ್ತರಿಸಿದ್ದು, ಆರ್ಗೊನಾಟ್ ಎಂಬ ಪ್ರೊಟೀನಿನ ಕೈಯಲ್ಲಿರುತ್ತದೆ. ಬ್ಯಾಕ್ಟೀರಿಯಾದವು ಹೆಚ್ಚಾಗಿ 50ರಿಂದ 300 ಅಕ್ಷರ, ಬಹಳಷ್ಟಕ್ಕೆ ಜೊತೆಗಾರ ಹೆಚ್‌ಎಫ್‌ಕ್ಯೂ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಹೆಚ್‌ಎಫ್‌ಕ್ಯೂ ಇಲ್ಲ, ಆದರೂ ಪುಟ್ಟ ಆರ್‌ಎನ್‌ಎಗಳಿವೆ. ಚೀಟಿ ಮುಚ್ಚುವ ಉಪಾಯ ಎರಡೂ ಕಡೆ ಒಂದೇ, ಬಂದ ದಾರಿ ಬೇರೆ. ಇನೋವೆಯವರ ಮಿಕ್‌ಎಫ್ ಇದಕ್ಕಿಂತ ಒಂಬತ್ತು ವರ್ಷ ಮೊದಲು ಬಂದದ್ದು ಅನ್ನುವುದನ್ನು ಮಾತ್ರ ನೆನಪಿಡಿ.

ಪ್ರಶ್ನೆ: ಇಷ್ಟೆಲ್ಲ ಕೆಲಸ ಮಾಡುವ ವಸ್ತು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವಾ? ನಮ್ಮ ಕಾಲೇಜು ಲ್ಯಾಬಿನಲ್ಲಿ ನೋಡಬಹುದಾ?
(ಎಂಎಸ್ಸಿ ವಿದ್ಯಾರ್ಥಿಗಳು, ಮಂಗಳೂರು)

ಕಣ್ಣಿಗೆ ಬಿದ್ದಿತ್ತು, ಗಮನಕ್ಕೆ ಬಿದ್ದಿರಲಿಲ್ಲ. 6ಎಸ್ ಎಂಬ 184 ಅಕ್ಷರದ ಆರ್‌ಎನ್‌ಎ ಕಂಡದ್ದು 1967ರಲ್ಲಿ. ಅದು ಏನು ಮಾಡುತ್ತದೆ ಎಂದು ಕ್ಯಾರೆನ್ ವಾಸರ್‌ಮನ್ ಮತ್ತು ಜಿಸೆಲಾ ಸ್ಟಾರ್ಜ್ ಹೇಳಿದ್ದು 2000ದಲ್ಲಿ. ಆಹಾರ ಮುಗಿದಾಗ ಅದು ಜೀನ್ ನಕಲು ಮಾಡುವ ಯಂತ್ರವನ್ನೇ ತಬ್ಬಿ ಕೂರಿಸಿಕೊಳ್ಳುತ್ತದಂತೆ. 33 ವರ್ಷ ಹೆಸರಿದ್ದೂ ಕೆಲಸ ಗೊತ್ತಿರಲಿಲ್ಲ. ಇನ್ನೊಂದರ ಹೆಸರು ಸ್ಪಾಟ್ 42, ಆರ್‌ಎನ್‌ಎಗಳನ್ನು ಉದ್ದದ ಪ್ರಕಾರ ಬಿಡಿಸಿ ತೋರಿಸುವ ಜೆಲ್ ಮೇಲೆ ಕಂಡ ಒಂದು ಚುಕ್ಕೆಯಷ್ಟೇ. ಜೀನ್ ಹುಡುಕುವವರು ಪ್ರೊಟೀನ್ ಬರೆಯುವ ಉದ್ದ ಸಾಲುಗಳನ್ನೇ ಹುಡುಕುತ್ತಿದ್ದರು, ಪುಟ್ಟವು ಬಲೆಯ ಕಣ್ಣಿನಿಂದ ನುಸುಳುತ್ತಿದ್ದವು. 2001ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಜೀನ್‌ಗಳ ನಡುವಿನ ಖಾಲಿ ಜಾಗಗಳನ್ನು ಹುಡುಕಿದ ಮೇಲೆ ಒಂದೇ ವರ್ಷದಲ್ಲಿ ಪಟ್ಟಿ ಉದ್ದವಾಯಿತು.

ನಾನು ಎಂಎಸ್ಸಿಯಲ್ಲಿದ್ದಾಗ ಬ್ಯಾಕ್ಟೀರಿಯಾದ ಆರ್‌ಎನ್‌ಎ ತೆಗೆದು ಜೆಲ್ ಮೇಲೆ ಓಡಿಸಿದ್ದೆ. ಮೇಲೆ ದಪ್ಪಗೆ ಎರಡು ಗೆರೆ, ಅವು ರೈಬೋಸೋಮಿನವು. ಎಲ್ಲಕ್ಕಿಂತ ಕೆಳಗೆ ಮಸುಕು ಮಸುಕಾಗಿ ಒಂದು ರಾಶಿ. ಇದೇನು ಸರ್ ಅಂದೆ. "ನಿನ್ನ ಬೆವರಿನಿಂದ ಹಾಳಾದ ಆರ್‌ಎನ್‌ಎ" ಅಂದರು. ಗ್ಲವ್ಸ್ ಹಾಕಿಕೊಳ್ಳದೆ ಟ್ಯೂಬು ಮುಟ್ಟಿದ್ದೆ, ನಮ್ಮ ಚರ್ಮದ ಮೇಲೆ ಆರ್‌ಎನ್‌ಎ ಕತ್ತರಿಸುವ ಎಂಜೈಮ್ ಇರುವುದು ನಿಜ, ಹಾಗಾಗಿ ಬೈಗುಳ ನ್ಯಾಯವಾಗಿಯೇ ಇತ್ತು. ಮೂರು ಸಲ ಮತ್ತೆ ಮಾಡಿದೆ. ಗ್ಲವ್ಸ್ ಹಾಕಿದೆ, ನೀರಿಗೆ ಆ ಎಂಜೈಮನ್ನು ಕೆಡಿಸುವ ಡಿಇಪಿಸಿ ಎಂಬ ರಾಸಾಯನಿಕ ಹಾಕಿ ಆಟೊಕ್ಲೇವ್ ಮಾಡಿದೆ. ಮೇಲಿನ ಗೆರೆಗಳು ಕನ್ನಡಿಯ ಹಾಗೆ ಚೊಕ್ಕವಾದವು, ಕೆಳಗಿನ ರಾಶಿ ಇದ್ದಲ್ಲೇ ಇತ್ತು. ಅದರಲ್ಲಿ ಬಹುಪಾಲು ಟ್ರಾನ್ಸ್‌ಫರ್ ಆರ್‌ಎನ್‌ಎ ಅಂತ ಈಗ ಗೊತ್ತು. ಆದರೆ ನಡುನಡುವೆ ಈ ಪುಟ್ಟವೂ ಇದ್ದೇ ಇದ್ದವು.

ನೀವು ನೋಡಬೇಕಿದ್ದರೆ ಅಗರೋಸ್ ಜೆಲ್ ಬೇಡ, ಯೂರಿಯಾ ಹಾಕಿದ ಪಾಲಿಅಕ್ರಿಲಮೈಡ್ ಜೆಲ್ ಮಾಡಿ. ಪಾಲಿಮರ್ ಆಗುವ ಮೊದಲು ಅಕ್ರಿಲಮೈಡ್ ನರಗಳಿಗೆ ವಿಷ, ಗ್ಲವ್ಸ್ ಇಲ್ಲದೆ ಮುಟ್ಟಬೇಡಿ. ಒಂದೇ ಇ. ಕೋಲಿಯನ್ನು ಎರಡು ಥರ ಬೆಳೆಸಿ, ಒಂದು ಚೆನ್ನಾಗಿ ಬೆಳೆಯುತ್ತಿರುವಾಗ ತೆಗೆದದ್ದು, ಇನ್ನೊಂದು ರಾತ್ರಿಯಿಡೀ ಬಿಟ್ಟು ಆಹಾರ ಮುಗಿದದ್ದು. ಎರಡನ್ನೂ ಪಕ್ಕಪಕ್ಕ ಓಡಿಸಿ. ಎರಡನೆಯದರಲ್ಲಿ 180 ಅಕ್ಷರದ ಹತ್ತಿರ ಒಂದು ಗೆರೆ ಜಾಸ್ತಿ ದಪ್ಪ ಕಂಡರೆ, ಅದು 6ಎಸ್ ಇರಬಹುದು. ಫೋಟೊ ತೆಗೆದು ಕಳಿಸಿ, ಮುಂದಿನ ತಿಂಗಳು ಇಲ್ಲೇ ಹಾಕೋಣ.